ಅರಗಿನ ತಟ್ಟೆಗಳೂ ಊರಿನ ಚರಿತ್ರೆಯೂ

ನಮ್ಮ ಸೀಮೆಯ ಚರಿತ್ರೆಯನ್ನು ಬರೆಯಹೊರಟವರಿಗೆ ಕಲ್ಲಿನ ವಿಷಯದಲ್ಲಿ ಕೊರತೆಯಿಲ್ಲ. ಬಿ. ಎಲ್. ರೈಸ್ ಮಹಾಶಯರು ಶ್ರೀರಂಗಪಟ್ಟಣದ ಶಾಸನಗಳನ್ನು 1894ರಲ್ಲಿಯೂ, ಕೃಷ್ಣರಾಜಪೇಟೆ ಮತ್ತು ನಾಗಮಂಗಲದವನ್ನು 1898ರಲ್ಲಿಯೂ ಎಪಿಗ್ರಾಫಿಯ ಕರ್ಣಾಟಿಕದ ಸಂಪುಟಗಳಲ್ಲಿ ಅಚ್ಚುಹಾಕಿಸಿದರು. ಮುಂದೆ ಮೈಸೂರು ವಿಶ್ವವಿದ್ಯಾನಿಲಯದವರು ಅವನ್ನು ಪರಿಷ್ಕರಿಸಿ, ಹೆಚ್ಚಿಸಿ, ಮತ್ತೆ ಪ್ರಕಟಿಸಿದರು. ಆ ಸಂಪುಟಗಳಲ್ಲಿ ಒಂದೊಂದು ಶಾಸನದ ಪಾಠಕ್ಕೂ ಮೊದಲು ಒಂದು ಚಿಕ್ಕ ಸಾಲು ಬರುವುದುಂಟು: ಇಂಥ ಹೋಬಳಿಯ ಇಂಥ ಗ್ರಾಮದಲ್ಲಿ, ಇಂಥ ಗುಡಿಯ ಇಂಥ ದಿಕ್ಕಿನಲ್ಲಿ ನೆಟ್ಟ ಕಲ್ಲು, ಎಂದು. ಅವಸರದಲ್ಲಿ ಓದುವವರು ಅದನ್ನು ದಾಟಿ ಮುಂದಕ್ಕೆ ಹೋಗುತ್ತಾರೆ. ಆದರೆ ಆ ಸಾಲೊಂದು ಬಿಟ್ಟುಹೋದರೆ ದಾನ ಕೊಟ್ಟವನ ಹೆಸರು ಉಳಿದೀತೇ ಹೊರತು, ದಾನ ಪಡೆದ ಊರು ಯಾವುದೆಂಬುದು ಕೈತಪ್ಪಿಹೋಗುವುದು.

ಇದೇ ಸೀಮೆಯಲ್ಲಿ ಇನ್ನೊಂದು ಬಗೆಯ ಶಾಸನಗಳೂ ಉಂಟು. ಅವು ಕಲ್ಲಿನವಲ್ಲ, ತಾಮ್ರದವೂ ಅಲ್ಲ; ಅರಗಿನವು. ಹತ್ತು ಅಂಗುಲ ಅಗಲದ ಕರಿಯ ತಟ್ಟೆಯ ಮೇಲೆ ಮುಳ್ಳಿನ ಮೊನೆಗೆ ಮಾತ್ರ ಓದಲು ಬರುವಂತೆ ಕೊರೆದಿರುವ ಬರಹ. ಹಳಬರು ಇದನ್ನು ‘ಪ್ಲೇಟು’ ಎಂದು ಕರೆದರು. ‘ರೆಕಾರ್ಡು’ ಎಂಬ ಮಾತೂ ಕನ್ನಡವೇ ಆಗಿಹೋಗಿದೆ. ಶ್ರೀರಂಗಪಟ್ಟಣ, ಪಾಂಡವಪುರ, ಕೃಷ್ಣರಾಜಪೇಟೆ, ನಾಗಮಂಗಲ, ಈ ನಾಲ್ಕು ತಾಲ್ಲೂಕುಗಳ ಪೇಟೆಬೀದಿಗಳಲ್ಲಿ ಇವನ್ನು ಹುಡುಕುತ್ತ ಸಂಚರಿಸುವವನು ಎಲ್ಲೆಲ್ಲಿ ನೋಡಬೇಕು, ಏನನ್ನು ನೋಡಬೇಕು, ಸಿಕ್ಕಿದ ಮೇಲೆ ಏನು ಮಾಡಬೇಕು ಎಂಬುದನ್ನು ಕುರಿತು ನಾಲ್ಕು ಮಾತು ಹೇಳುವುದು ಈ ಲೇಖನದ ಉದ್ದೇಶ. ಹಾಡಿನ ಸೊಗಸನ್ನು ವರ್ಣಿಸುವುದು ನನ್ನ ಕೆಲಸವಲ್ಲ. ಅದಕ್ಕೆ ಅಧಿಕಾರಿಗಳು ಬೇರೆ ಇದ್ದಾರೆ.

ಮೊದಲು ಈ ವಸ್ತುವಿನ ಪೂರ್ವೋತ್ತರ. ಗ್ರಾಮಫೋನ್ ಕಂಪೆನಿಯ ಪ್ರತಿನಿಧಿಯಾದ ಗೈಸ್‌ಬರ್ಗ್ ಎಂಬಾತನು 1902ರ ನವೆಂಬರಿನಲ್ಲಿ ಕಲ್ಕತ್ತೆಯಲ್ಲಿ ಯಂತ್ರವನ್ನು ಹೂಡಿ, ಗೌಹರ್ ಜಾನ್ ಎಂಬ ಪ್ರಸಿದ್ಧ ಗಾಯಕಿಯ ಕಂಠವನ್ನು ಮುದ್ರಿಸಿದನು. ಗಂಟೆಗಟ್ಟಲೆ ಬೆಳೆಸಿ ಹಾಡುವ ಸಂಗೀತವನ್ನು ಮೂರು ನಿಮಿಷಕ್ಕೆ ಅಡಗಿಸಬೇಕಾಗಿತ್ತು. ಹಾಡು ಮುಗಿಯುತ್ತಲೇ ಆಕೆ ತನ್ನ ಹೆಸರನ್ನು ಇಂಗ್ಲಿಷಿನಲ್ಲಿ ಕೂಗಿ ಹೇಳುವುದು ಇಂದಿಗೂ ಆ ತಟ್ಟೆಗಳಲ್ಲಿ ಕೇಳಿಸುತ್ತದೆ. ಈ ಕೂಗಿಗೆ ಕಾರಣ ಅಹಂಕಾರವಲ್ಲ. ಮುದ್ರಿಸಿದ ಮೂಲ ಫಲಕಗಳು ಹಡಗು ಹತ್ತಿ ಜರ್ಮನಿಯ ಹ್ಯಾನೋವರ್ ನಗರಕ್ಕೆ ಹೋಗುತ್ತಿದ್ದುವು. ಅಲ್ಲಿ ಪ್ರತಿಗಳನ್ನು ಒತ್ತುವವರಿಗೆ ಇದು ಯಾರ ಹಾಡೆಂದು ತಿಳಿದು ಚೀಟಿ ಅಂಟಿಸಲು ಇದೊಂದು ಗುರುತಾಗಿತ್ತು. ವಿಚಿತ್ರವೇನೆಂದರೆ, ತಟ್ಟೆಗೆ ಬೇಕಾದ ಅರಗು ಹೋಗುತ್ತಿದ್ದುದು ನಮ್ಮ ದೇಶದ ಕಾಡುಗಳಿಂದಲೇ. ಇಲ್ಲಿಯ ಅರಗು, ಇಲ್ಲಿಯ ಕಂಠ, ಎರಡೂ ಸಮುದ್ರ ದಾಟಿ, ಒಂದರ ಮೇಲೊಂದು ಒತ್ತಿಸಿಕೊಂಡು, ಮಾರಾಟಕ್ಕೆಂದು ತಿರುಗಿ ಬರುತ್ತಿದ್ದುವು! 1908ರಲ್ಲಿ ಕಲ್ಕತ್ತೆಯ ಸಿಯಾಲ್ದಾದಲ್ಲಿ ಕಾರ್ಖಾನೆ ಆರಂಭವಾದ ಮೇಲೆ ಈ ಸಮುದ್ರಯಾನ ತಪ್ಪಿತು; ಸುಮಾರು ಇಪ್ಪತ್ತು ವರ್ಷಗಳ ತರುವಾಯ ಕಾರ್ಖಾನೆ ದಮ್ ದಮ್‌ಗೆ ಬದಲಾಯಿತು. ಆದಕಾರಣ ತಟ್ಟೆಯ ನಡುವಿನ ಚೀಟಿಯಲ್ಲಿ ಹ್ಯಾನೋವರ್ ಎಂದಿದ್ದರೆ ಒಂದು ಕಾಲ, ದಮ್ ದಮ್ ಎಂದಿದ್ದರೆ ಇನ್ನೊಂದು ಕಾಲ. ಲೇಖನಿ ಹಿಡಿದ ದೇವದೂತನ ಚಿತ್ರವಿದ್ದರೆ ಅದು ನಾಯಿಯ ಚಿತ್ರಕ್ಕಿಂತ ಹಳೆಯದು. ಲಿಪಿಯನ್ನು ನೋಡಿ ಶಾಸನದ ಕಾಲವನ್ನು ಊಹಿಸುವ ಹಾಗೆ ಇದೂ ಒಂದು ವಿದ್ಯೆ.

ಗೌಹರ್ ಜಾನಳ ಹೆಸರನ್ನೆತ್ತಿದ್ದಕ್ಕೆ ಇನ್ನೊಂದು ಕಾರಣವೂ ಉಂಟು. ಆಕೆ ತನ್ನ ಕೊನೆಗಾಲದಲ್ಲಿ ಮೈಸೂರಿಗೆ ಬಂದಳು. ನಾಲ್ವಡಿ ಕೃಷ್ಣರಾಜ ಒಡೆಯರವರು 1928ರಲ್ಲಿ ಆಕೆಯನ್ನು ಆಸ್ಥಾನದ ಗಾಯಕಿಯಾಗಿ ನೇಮಿಸಿದರು. 1930ರ ಜನವರಿಯಲ್ಲಿ ಆಕೆ ಮೈಸೂರಿನಲ್ಲಿಯೇ ತೀರಿಕೊಂಡಳು. ದೇಶದ ಮೊದಲ ಧ್ವನಿತಟ್ಟೆಗಳ ಒಡತಿಯ ಕಡೆಯ ಉಸಿರು ಶ್ರೀರಂಗಪಟ್ಟಣಕ್ಕೆ ಮೂರು ಹರದಾರಿ ಚಿಲ್ಲರೆ ದೂರದಲ್ಲಿ ನಿಂತಿತೆಂಬುದನ್ನು ನಮ್ಮ ಸೀಮೆಯವರು ನೆನೆಯುವುದು ಕಡಿಮೆ.

ಈಗ ಅಂಗಡಿಗಳ ವಿಚಾರ. ಮಂಡ್ಯ ಜಿಲ್ಲೆ ಪ್ರತ್ಯೇಕವಾದದ್ದು 1939ರಲ್ಲಿ. ಅದಕ್ಕೆ ಹಿಂದೆ ಈ ತಾಲ್ಲೂಕುಗಳೆಲ್ಲ ಮೈಸೂರು ಜಿಲ್ಲೆಗೆ ಸೇರಿದ್ದುವು. ಕಚೇರಿಗೂ ಕೋರ್ಟಿಗೂ ಮದುವೆಯ ಜವಳಿಗೂ ಜನ ಮೈಸೂರಿಗೇ ಹೋಗುತ್ತಿದ್ದರು. ಹಾಡಿನ ತಟ್ಟೆಯೂ ಬಹುಮಟ್ಟಿಗೆ ಅಲ್ಲಿಂದಲೋ ಬೆಂಗಳೂರಿನಿಂದಲೋ ಬಂತು. ಆ ಕಾಲದಲ್ಲಿ ಗ್ರಾಮಫೋನನ್ನು ಮಾರುತ್ತಿದ್ದವರು ಸಂಗೀತದ ವ್ಯಾಪಾರಿಗಳು ಮಾತ್ರವೇ ಅಲ್ಲ. ಗಡಿಯಾರದವರು, ಬೈಸಿಕಲ್ಲಿನವರು, ಹಾರ್ಮೋನಿಯಂ ಮಾರುವವರು, ಎಲ್ಲರೂ ಮಾರುತ್ತಿದ್ದರು. ಮದರಾಸಿನ ಕಡೆಯಿಂದಲೂ ತಟ್ಟೆಗಳು ಬರುತ್ತಿದ್ದುವು. ಮುಂದೆ ಚಲನಚಿತ್ರಗಳಿಂದ ಹೆಸರಾದ ಮೆಯ್ಯಪ್ಪ ಚೆಟ್ಟಿಯಾರರು 1932ರಲ್ಲಿ ಅಲ್ಲಿ ಸ್ಥಾಪಿಸಿದ ಸರಸ್ವತಿ ಸ್ಟೋರ್ಸ್, ಓಡಿಯನ್ ಮುದ್ರೆಯ ತಟ್ಟೆಗಳನ್ನು ದಕ್ಷಿಣದೇಶಕ್ಕೆಲ್ಲ ಹಂಚಿತು. 1934ರಲ್ಲಿ ‘ಸತಿ ಸುಲೋಚನ’ ತೆರೆಗೆ ಬಂದು ಕನ್ನಡವೂ ವಾಕ್ಚಿತ್ರದಲ್ಲಿ ಮಾತನಾಡತೊಡಗಿತು. ನಾಟಕದ ಹಾಡಿನ ಜೊತೆಗೆ ಚಿತ್ರದ ಹಾಡೂ ಪೆಟ್ಟಿಗೆಯನ್ನು ಹೊಕ್ಕಿತು. ದಾಸರ ಪದ ಮಾತ್ರ ತನ್ನ ಸ್ಥಾನವನ್ನು ಬಿಟ್ಟುಕೊಡಲಿಲ್ಲ. ಬಿ. ಎಸ್. ರಾಜಯ್ಯಂಗಾರ್ಯರು ಹಾಡಿದ ‘ಜಗದೋದ್ಧಾರನ’ದ ತಟ್ಟೆ ಸವೆದು ಬಿಳಿಚಿಕೊಳ್ಳುವವರೆಗೂ ತಿರುಗಿದ ಮನೆಗಳು ಎಷ್ಟೋ.

ದಾರಿಯೂ ಮುಖ್ಯ. ಬೆಂಗಳೂರು ಮೈಸೂರು ರೈಲು ಶ್ರೀರಂಗಪಟ್ಟಣವನ್ನು ಮುಟ್ಟಿಯೇ ಹೋಗುತ್ತದೆ. ಪಾಂಡವಪುರದ ನಿಲ್ದಾಣಕ್ಕೆ ಹಿಂದೆ ಫ್ರೆಂಚ್ ರಾಕ್ಸ್ ಎಂದೇ ಹೆಸರು. ಹೈದರನ ಮತ್ತು ಟಿಪ್ಪುವಿನ ಪಡೆಯಲ್ಲಿದ್ದ ಫ್ರೆಂಚರು ಬೀಡುಬಿಟ್ಟ ಹಿರೋಡೆಗೆ ಬಂದ ಹೆಸರದು. ಮೈಸೂರಿನಿಂದ ಅರಸೀಕೆರೆಗೆ ಹೋಗುವ ಗಾಡಿ ಕೃಷ್ಣರಾಜಪೇಟೆ ತಾಲ್ಲೂಕಿನ ಅಕ್ಕಿಹೆಬ್ಬಾಳಿನಲ್ಲಿ ನಿಲ್ಲುತ್ತದೆ. ನಾಗಮಂಗಲ ಪಟ್ಟಣಕ್ಕೆ ರೈಲಿನ ಭಾಗ್ಯವಿಲ್ಲ. ಮೂವತ್ತು ತಟ್ಟೆಗಳ ಪೆಟ್ಟಿಗೆಯನ್ನು ಎತ್ತಿನ ಗಾಡಿಯಲ್ಲಿಯೋ ಮೋಟಾರಿನಲ್ಲಿಯೋ ಕಲ್ಲುದಾರಿಯ ಮೇಲೆ ಸಾಗಿಸಿದ ಮನುಷ್ಯನು, ಕೈಜಾರಿದರೆ ಗಾಜಿನಂತೆ ಒಡೆಯುವ ಆ ಅರಗನ್ನು ಎಷ್ಟು ಮೆತ್ತಗೆ ಇಳಿಸಿಕೊಂಡಿದ್ದಾನು!

ಅರಗಿನ ಕಾಲ ಕಳೆದು ಪ್ಲಾಸ್ಟಿಕ್ಕಿನ ಜಾತಿಯ ವಿನೈಲ್ ಬಂತು. ಅಮೆರಿಕದಲ್ಲಿ 1948ರಲ್ಲಿ ದೀರ್ಘವಾದನದ ತಟ್ಟೆ ಹೊರಟರೂ ನಮ್ಮ ತಾಲ್ಲೂಕುಗಳಿಗೆ ಅದು ತಲಪುವ ಹೊತ್ತಿಗೆ ಸಾಕಷ್ಟು ವರ್ಷಗಳೇ ಉರುಳಿದ್ದುವು. ಆಗ ಅದನ್ನು ಕೊಂಡವರು ಗೃಹಸ್ಥರಿಗಿಂತ ಹೆಚ್ಚಾಗಿ ಮೈಕ್‌ಸೆಟ್ಟಿನವರು. ಮದುವೆ, ಗಣಪತಿ, ಜಾತ್ರೆ, ಟೂರಿಂಗ್ ಟಾಕೀಸು, ಎಲ್ಲಕ್ಕೂ ಧ್ವನಿವರ್ಧಕವನ್ನು ಬಾಡಿಗೆಗೆ ಕೊಡುತ್ತಿದ್ದ ಆ ಅಂಗಡಿಗಳೇ ಈ ಸೀಮೆಯ ಸಂಗೀತ ಭಂಡಾರಗಳಾಗಿದ್ದುವೆಂದರೆ ಅತಿಶಯೋಕ್ತಿಯಲ್ಲ. ಪಂಡಿತರು ಈ ಅಂಗಡಿಗಳನ್ನು ಲೆಕ್ಕಕ್ಕೆ ತೆಗೆದುಕೊಂಡಿಲ್ಲ. ಅದು ಅನ್ಯಾಯವೆಂದು ನನ್ನ ಅಭಿಪ್ರಾಯ. ಇಂಥ ಹಾಡಿಗೆ ಇಂಥ ಊರಿನಲ್ಲಿ ಜನ ಕಿವಿಗೊಟ್ಟರೆಂಬುದಕ್ಕೆ ಮೈಕ್‌ಸೆಟ್ಟಿನವನ ಪೆಟ್ಟಿಗೆಗಿಂತ ಪ್ರಬಲವಾದ ಸಾಕ್ಷಿ ಬೇರೆ ಯಾವುದಿದೆ? ಹೇಮಗಿರಿಯ ದನಗಳ ಜಾತ್ರೆಯಲ್ಲಿ ಮೊಳಗಿದ ತಟ್ಟೆಗೂ ಮೈಸೂರಿನ ಬಂಗಲೆಯಲ್ಲಿ ಒಬ್ಬರೇ ಕುಳಿತು ಕೇಳಿದ ತಟ್ಟೆಗೂ ಹಾಡು ಒಂದೇ ಇದ್ದರೂ ಚರಿತ್ರೆ ಒಂದೇ ಅಲ್ಲ. 1980ರ ದಶಕದಲ್ಲಿ ಕ್ಯಾಸೆಟ್ಟು ಹರಡಿಕೊಂಡಾಗ ಮೈಕ್‌ಸೆಟ್ಟಿನವರು ತಟ್ಟೆಗಳನ್ನು ಮೂಲೆಗೆ ಸೇರಿಸಿದರು. ಮೂಲೆಯಿಂದ ಅವು ಗುಜರಿಗೆ ಹೋದುವು.

ಹೀಗಾಗಿ ಇಂದು ಹುಡುಕಹೊರಟವನು ರೆಕಾರ್ಡಿನ ಅಂಗಡಿ ಎಲ್ಲಿದೆಯೆಂದು ಕೇಳಿ ಪ್ರಯೋಜನವಿಲ್ಲ. ಗುಜರಿ ಅಂಗಡಿ, ಹಳೆಯ ಪಾತ್ರೆಯ ಅಂಗಡಿ, ರೇಡಿಯೋ ರಿಪೇರಿಯವರ ಹಿಂಗೋಣೆ, ಇವು ಅವನ ಕ್ಷೇತ್ರಗಳು. ನಾಗಮಂಗಲ ಹಿತ್ತಾಳೆ ಕಂಚಿನ ಕೆಲಸಕ್ಕೆ ಹೆಸರಾದ ಊರು. ಅಂಥ ಊರುಗಳಲ್ಲಿ ಮನೆ ಬಿಚ್ಚಿ ಸಾಮಾನು ಮಾರುವವರು ಹಂಡೆ ಕೊಪ್ಪರಿಗೆಗಳ ಜೊತೆಗೆ ಗ್ರಾಮಫೋನಿನ ಹಿತ್ತಾಳೆಯ ತುತ್ತೂರಿಯನ್ನೂ ತೂಕಕ್ಕೆ ಹಾಕುತ್ತಾರೆ. ತುತ್ತೂರಿಗೆ ತೂಕವಿದೆ, ಬೆಲೆಯಿದೆ. ತಟ್ಟೆಗೆ ಕರಗಿಸುವ ಬೆಲೆಯೂ ಇಲ್ಲ. ಪ್ರವಾಸಿಗಳು ಸೇರುವ ಊರುಗಳಲ್ಲಿಯಾದರೋ ಇನ್ನೊಂದು ಅಪಾಯ: ಹೊಸದಾಗಿ ಮಾಡಿದ ತುತ್ತೂರಿಗೆ ಹಳೆಯ ಯಂತ್ರದ ತುಣುಕುಗಳನ್ನು ಜೋಡಿಸಿ, ನಾಯಿಯ ಚಿತ್ರವನ್ನು ಅಂಟಿಸಿ, ಪುರಾತನವೆಂದು ಮಾರುವ ಪದ್ಧತಿ ದೇಶದ ಎಲ್ಲೆಡೆಗೂ ಹಬ್ಬಿದೆ. ಪೆಟ್ಟಿಗೆ ಥಳಥಳ ಹೊಳೆಯುತ್ತಿದ್ದರೆ ದೂರದಿಂದಲೇ ನಮಸ್ಕಾರ ಮಾಡುವುದು ಲೇಸು.

ಸರಿ, ತಟ್ಟೆ ಸಿಕ್ಕಿತೆಂದು ಇಟ್ಟುಕೊಳ್ಳೋಣ. ಸಂಗ್ರಾಹಕರು ಅದನ್ನು ಬೆಳಕಿಗೆ ಹಿಡಿದು ಗೀಚು ಎಷ್ಟು, ಬಿರುಕು ಎಲ್ಲಿ ಎಂದು ನೋಡುತ್ತಾರೆ. ಒಳ್ಳೆಯದೇ. ಆದರೆ ಅದನ್ನು ಸುತ್ತಿದ್ದ ಕಾಗದದ ಚೀಲವನ್ನು ನೋಡುವವರು ವಿರಳ. ಹುಳು ತಿಂದ ಆ ಕಂದು ಚೀಲವನ್ನು ಅಂಗಡಿಯವನೇ ಹರಿದು ಬಿಸಾಡಿ ತಟ್ಟೆಯನ್ನು ‘ಚೊಕ್ಕಟ’ ಮಾಡಿ ಕೊಡುವುದೂ ಉಂಟು. ನನ್ನ ತಕರಾರು ಇರುವುದು ಇಲ್ಲಿಯೇ. ಒಂದು ತಟ್ಟೆಯಿಂದ ಒತ್ತಿದ ಪ್ರತಿಗಳು ಸಾವಿರಾರು. ಇಲ್ಲಿ ಒಡೆದರೆ ಮದರಾಸಿನ ವಿ. ಎ. ಕೆ. ರಂಗರಾಯರಂಥವರು ಕೂಡಿಸಿದ ಮಹಾಸಂಗ್ರಹಗಳಲ್ಲಿ ಇನ್ನೊಂದು ಪ್ರತಿ ಸಿಕ್ಕೀತು. ಆದರೆ ಆ ಚೀಲದ ಮೇಲೆ ಬಿದ್ದ ಮಾರಾಟಗಾರನ ರಬ್ಬರು ಮುದ್ರೆ, ಮೂಲೆಯಲ್ಲಿ ಮನೆಯವರು ಹಾಕಿದ ಸರದಿಯ ಸಂಖ್ಯೆ, ತಟ್ಟೆಯ ನಡುಚೀಟಿಯ ಮೇಲೆ ಶಾಯಿಯಲ್ಲಿ ಬರೆದ ಒಕ್ಕಣೆ, ಮೈಕ್‌ಸೆಟ್ಟಿನ ಹೆಸರು, ಇವಕ್ಕೆ ಎರಡನೆಯ ಪ್ರತಿ ಲೋಕದಲ್ಲಿಯೇ ಇಲ್ಲ. ಹಾಡು ಕಂಪೆನಿಯದು, ಮುದ್ರೆ ಊರಿನದು. ಯಾವ ಪೇಟೆಯಲ್ಲಿ ಕೊಂಡರು, ಯಾವ ಹಾಡನ್ನು ನೂರು ಸಲ ಹಾಕಿ ಸವೆಸಿದರು, ಯಾವುದನ್ನು ಒಂದು ಸಲ ಕೇಳಿ ಮಡಿಚಿಟ್ಟರು, ಎಲ್ಲವೂ ಆ ಚೀಲ ಮತ್ತು ಆ ಸವೆತದಲ್ಲಿದೆ. ತಟ್ಟೆಯನ್ನು ಊರಿನಿಂದ ಎತ್ತಿಕೊಂಡು ಹೋಗಿ ಬೆಂಗಳೂರಿನ ಬೀರುವಿನಲ್ಲಿ ಅಕಾರಾದಿಯಾಗಿ ಜೋಡಿಸಿದ ಮೇಲೆ ಅದು ಸಂಗೀತವಾಗಿ ಉಳಿಯುತ್ತದೆ. ಕೃಷ್ಣರಾಜಪೇಟೆಯ ಚರಿತ್ರೆಯಾಗಿ ಉಳಿಯುವುದಿಲ್ಲ.

ಈ ಮಾತಿಗೆ ಶ್ರೀರಂಗಪಟ್ಟಣವೇ ಒಂದು ದೊಡ್ಡ ನಿದರ್ಶನವನ್ನು ಕೊಡುತ್ತದೆ. ಗ್ರಾಮಫೋನು ಹುಟ್ಟುವುದಕ್ಕೆ ನೂರು ವರ್ಷ ಹಿಂದೆಯೇ ಅಲ್ಲಿ ತಿರುಗಿಸಿದರೆ ಕೂಗುವ ಯಂತ್ರವೊಂದಿತ್ತು: ಸಿಪಾಯಿಯ ಮೇಲೆರಗಿದ ಮರದ ಹುಲಿ, ಒಳಗೆ ತಿದಿ, ಕೊಳವೆಗಳು, ಕೀಲಿಮಣೆ, ಪಕ್ಕದಲ್ಲಿ ತಿರುಗಿಸುವ ಹಿಡಿ. 1799ರಲ್ಲಿ ಕೋಟೆ ಬಿದ್ದಾಗ ಅದು ಇಂಗ್ಲಿಷರ ಕೈಸೇರಿ, 1808ರಲ್ಲಿ ಲಂಡನ್ನಿನ ಈಸ್ಟ್ ಇಂಡಿಯಾ ಹೌಸಿನಲ್ಲಿ ಪ್ರದರ್ಶನಕ್ಕೆ ನಿಂತಿತು. ಈಗ ವಿಕ್ಟೋರಿಯ ಆಲ್ಬರ್ಟ್ ವಸ್ತುಸಂಗ್ರಹಾಲಯದಲ್ಲಿದೆ. ಅದನ್ನು ಒಯ್ದವರನ್ನು ಹೊಗಳಬೇಕಾದ ಅಗತ್ಯವಿಲ್ಲ. ಆದರೂ ಒಯ್ಯುವಾಗ ಅವರು ಒಂದು ಸಾಲನ್ನು ಬರೆದಿಟ್ಟರು: ಅರಮನೆಯಲ್ಲಿ ವಾದ್ಯಗಳನ್ನಿಡುತ್ತಿದ್ದ ರಾಗಮಹಲೆಂಬ ಕೋಣೆಯಲ್ಲಿ ಇದು ದೊರೆಯಿತು, ಎಂದು. ಆ ಅರಮನೆ ಇಂದು ಬರಿಯ ತಳಪಾಯ; ರಾಗಮಹಲಿನ ಗೋಡೆಯೂ ಇಲ್ಲ. ಟಿಪ್ಪುವಿನ ಮನೆಯಲ್ಲಿ ಸಂಗೀತಕ್ಕೆಂದೇ ಒಂದು ಕೋಣೆಯಿತ್ತೆಂಬುದನ್ನು ನಮಗೆ ತಿಳಿಸುತ್ತಿರುವುದು ಲೂಟಿಮಾಡಿದವರು ಬರೆದ ಆ ಒಂದು ಸಾಲು. ಹಣ ಕೊಟ್ಟು ಕೊಳ್ಳುವ ನಾವು ಅಷ್ಟನ್ನಾದರೂ ಬರೆಯಬೇಡವೇ?

ಇನ್ನೊಂದು ಸಂಗತಿಯನ್ನೂ ಹೇಳದೆ ಮುಂದೆ ಹೋಗಲಾರೆ. ತಟ್ಟೆಗಳನ್ನು ಹುಡುಕುತ್ತ ಹೋದಷ್ಟೂ ಈ ನಾಲ್ಕು ತಾಲ್ಲೂಕಿನವರು ಕೇಳಿದ ಹಾಡುಗಳ ರಾಶಿ ಬೆಳೆಯುತ್ತದೆಯೇ ವಿನಾ, ಹಾಡಿದ ಹಾಡುಗಳದು ಬೆಳೆಯುವುದಿಲ್ಲ. ಕಂಪೆನಿಯ ಯಂತ್ರ ದೊಡ್ಡ ನಗರಗಳಲ್ಲಿ ನಿಲ್ಲುತ್ತಿತ್ತು. ಹಾಡುವವರೇ ಅಲ್ಲಿಗೆ ಹೋಗಬೇಕಾಗಿತ್ತು. ಬೀಸುವ ಕಲ್ಲಿನ ಮುಂದೆ ಕುಳಿತವಳಿಗೆ ಮದರಾಸಿನ ಟಿಕೀಟು ಯಾರು ಕೊಡಿಸಿಯಾರು? ಇತ್ತ 1940ರ ದಶಕದ ಕೊನೆಯಲ್ಲಿ ಶ್ರೀ ಜಯಚಾಮರಾಜೇಂದ್ರ ಒಡೆಯರವರು ತಮ್ಮ ಹಣದಿಂದ ಲಂಡನ್ನಿನಲ್ಲಿ ನೆಲೆಸಿದ್ದ ಮೆಟ್ನರ್ ಎಂಬ ರಷ್ಯದ ಸಂಗೀತಗಾರನ ಕೃತಿಗಳನ್ನು ತಟ್ಟೆಗಳಲ್ಲಿ ಮುದ್ರಿಸಿ ಉಳಿಸಿದರು. ವೃದ್ಧನೂ ರೋಗಿಯೂ ಆಗಿದ್ದ ಆತನು ಕೃತಜ್ಞತೆಯಿಂದ ತನ್ನ ಒಂದು ದೊಡ್ಡ ಕೃತಿಯನ್ನು ಮಹಾರಾಜರಿಗೆ ಅರ್ಪಿಸಿದನು. ಅದು ರಸಿಕತೆಯ ಉದಾರಕಾರ್ಯ, ಅದರಲ್ಲಿ ಕೊಂಕಿಲ್ಲ. ಮೈಸೂರಿನ ಹಣದಿಂದ ಹೊರಟ ತಟ್ಟೆಗಳಲ್ಲಿ ಮೈಸೂರು ಸೀಮೆಯ ಹಳ್ಳಿಯ ಕಂಠಕ್ಕೂ ಒಂದು ಬದಿ ದೊರೆತಿದ್ದರೆ ಎಂದು ಮನಸ್ಸು ಆಸೆಪಡುತ್ತದೆ, ಅಷ್ಟೆ.

ಕಿಕ್ಕೇರಿಯ ಕೆ. ಎಸ್. ನರಸಿಂಹಸ್ವಾಮಿಗಳ ‘ಮೈಸೂರ ಮಲ್ಲಿಗೆ’ ಪುಸ್ತಕವಾಗಿ ಬಂದದ್ದು 1942ರಲ್ಲಿ, ಅದು ಸಿ. ಅಶ್ವಥ್ ಅವರ ಸಂಗೀತದೊಡನೆ ಚಲನಚಿತ್ರವಾದದ್ದು 1992ರಲ್ಲಿ. ಅಷ್ಟು ಹೊತ್ತಿಗೆ ಕಾಲ ಕ್ಯಾಸೆಟ್ಟಿನದಾಗಿತ್ತು. ಹಳ್ಳಿಯ ಹಾಡಿಗೆ ಯಂತ್ರವನ್ನು ಹೊತ್ತುಕೊಂಡು ಹೋದ ಪುಣ್ಯಾತ್ಮರಲ್ಲಿ ಮುಖ್ಯರಾದವರು ನಾಗಮಂಗಲ ತಾಲ್ಲೂಕಿನ ಹೆರಗನಹಳ್ಳಿಯವರೇ ಆದ ಎಚ್. ಎಲ್. ನಾಗೇಗೌಡರು. 1979ರಲ್ಲಿ ಕರ್ನಾಟಕ ಜಾನಪದ ಪರಿಷತ್ತನ್ನು ಕಟ್ಟಿ, ರಾಮನಗರದ ಬಳಿ ಜಾನಪದ ಲೋಕವನ್ನು ನಿರ್ಮಿಸಿ, ಹಾಡುಗಾರರ ಧ್ವನಿಗಳನ್ನು ಅಲ್ಲಿ ಕೂಡಿಟ್ಟರು. ಹಾಡಿನೊಡನೆ ಹಾಡಿದವರನ್ನೂ ಊರನ್ನೂ ಗುರುತಿಸುವುದು ಜಾನಪದದವರಲ್ಲಿ ಮೊದಲ ಪಾಠ. ಗ್ರಾಮಫೋನಿನ ಸಂಗ್ರಾಹಕರು ಅವರಿಂದ ಕಲಿಯಬಹುದಾದದ್ದು ಇಷ್ಟೇ.

ಕ್ರಮ ಬಹಳ ಸುಲಭ. ತಟ್ಟೆಯನ್ನು ಕೊಂಡಾಗ ಚೀಲವನ್ನೂ ಕೇಳಿ ಪಡೆಯತಕ್ಕದ್ದು, ಚೂರಾಗಿದ್ದರೂ ಬಿಡಬಾರದು. ಯಾವ ಊರು, ಯಾವ ಬೀದಿ, ಯಾವ ಬಗೆಯ ಅಂಗಡಿ, ಯಾವ ತಾರೀಖು, ಯಾವ ಕಡೆಯ ಮನೆಯಿಂದ ಬಂತೆಂದು ಅಂಗಡಿಯವನು ಹೇಳಿದನು, ಒಟ್ಟಿಗೆ ಎಷ್ಟು ತಟ್ಟೆಗಳಿದ್ದುವು, ಇಷ್ಟನ್ನು ಒಂದು ಬೇರೆ ಚೀಟಿಯ ಮೇಲೆ ಬರೆದು ಅದರೊಡನೆ ಇಡತಕ್ಕದ್ದು. ಒಂದು ಮನೆಯ ಕಟ್ಟನ್ನು ಬಿಡಿಬಿಡಿಯಾಗಿ ಹಂಚದೆ ಒಟ್ಟಿಗೇ ಉಳಿಸಿಕೊಳ್ಳುವುದು ಮೇಲು. ಬೇಡದ ಹಾಡೂ ಆ ಕಟ್ಟಿನಲ್ಲಿ ಸಾಕ್ಷಿಯೇ. ಅಟ್ಟದ ಮೇಲೆ ಇನ್ನೂ ಪೆಟ್ಟಿಗೆಯಿರುವ ಮನೆಯವರು ಅದನ್ನು ಗುಜರಿಗೆ ಹಾಕುವ ಮೊದಲು ಹಿರಿಯರನ್ನು ಕರೆದು ಒಂದೊಂದಾಗಿ ಕೇಳಿ ಬರೆದುಕೊಂಡರೆ ಅಂಗಡಿಯವನನ್ನು ಕೇಳುವ ಕಷ್ಟವೇ ಇಲ್ಲ. ಅರಗಿನ ತಟ್ಟೆಗಳನ್ನು ಒಂದರ ಮೇಲೊಂದು ಪೇರಿಸಬಾರದು. ನೆಟ್ಟಗೆ ನಿಲ್ಲಿಸಬೇಕು, ಬಿಸಿಲು ತಾಗಬಾರದು. ಚೀಟಿಯನ್ನು ಪೆನ್ಸಿಲಿನಲ್ಲಿಯೇ ಬರೆಯಬೇಕು. ನಮ್ಮ ಕಡೆಯ ಮಳೆಗಾಲದ ತೇವಕ್ಕೆ ಶಾಯಿ ಹರಡುತ್ತದೆ.