ನೃಪತುಂಗನ ಕಾಲದ ಲೆಕ್ಕದ ಹಾರ

ಲೆಕ್ಕಕ್ಕೆ ಹೆದರಿ ಕನ್ನಡಕ್ಕೆ ಬಂದವರ ಸಂಖ್ಯೆ ನಮ್ಮ ಕಾಲೇಜುಗಳಲ್ಲಿ ಸಣ್ಣದಲ್ಲ. ಐಚ್ಛಿಕ ಕನ್ನಡದ ತರಗತಿಯಲ್ಲಿ ಮೊದಲ ದಿನ "ಈ ವಿಷಯವನ್ನೇ ಏಕೆ ಆರಿಸಿಕೊಂಡಿರಿ?" ಎಂದು ಕೇಳಿದರೆ, ಪಂಪನ ಮೇಲಣ ಪ್ರೀತಿಯಿಂದ ಎನ್ನುವವರು ಒಬ್ಬಿಬ್ಬರು, "ಗಣಿತ ತಪ್ಪಿತಲ್ಲ ಸಾರ್" ಎಂದು ಸಮಾಧಾನಪಡುವವರು ಹಲವರು. ಅವರನ್ನು ದೂರುವಂತಿಲ್ಲ. ಶಾಲೆಯಲ್ಲಿ ಅವರು ಕಂಡ ಗಣಿತವೆಂದರೆ ಒಂದು ನಲ್ಲಿ ತುಂಬುವ, ಇನ್ನೊಂದು ನಲ್ಲಿ ಬರಿದು ಮಾಡುವ ತೊಟ್ಟಿ. ಇಷ್ಟು ಆಳುಗಳು ಇಷ್ಟು ದಿನದಲ್ಲಿ ಕಟ್ಟುವ ಗೋಡೆ. ಉತ್ತರ ತಪ್ಪಿದರೆ ಕೆಂಪು ಶಾಯಿಯ ಗೀಟು. ಆ ತೊಟ್ಟಿ ತುಂಬಿದ ಮೇಲೆ ಯಾರಾದರೂ ಅದರಲ್ಲಿ ಈಜಿದ್ದನ್ನು ನಾವು ಕಾಣೆವು.

ಗಣಿತಕ್ಕೂ ವಿನೋದಕ್ಕೂ ಇಂಥ ಹಗೆತನ ನಮ್ಮ ನಾಡಿನಲ್ಲಿ ಹಿಂದಿನಿಂದ ಬಂದುದಲ್ಲ. ಕನ್ನಡದಲ್ಲಿ ಈಗ ದೊರೆತಿರುವ ಅತ್ಯಂತ ಹಳೆಯ ಗ್ರಂಥ 'ಕವಿರಾಜಮಾರ್ಗ'ವೆಂಬುದು ಎಲ್ಲರೂ ಬಲ್ಲ ಸಂಗತಿ. 814ರಿಂದ 878ರವರೆಗೆ ಆಳಿದ ರಾಷ್ಟ್ರಕೂಟ ಚಕ್ರವರ್ತಿ ಅಮೋಘವರ್ಷ ನೃಪತುಂಗನ ಕಾಲದಲ್ಲಿ ಅದು ಹುಟ್ಟಿತು. ಅದೇ ಅರಸನನ್ನು ಮೊದಲಲ್ಲಿ ಹೊಗಳಿ ಆರಂಭವಾಗುವ ಇನ್ನೊಂದು ಗ್ರಂಥ ಉಂಟೆಂಬುದನ್ನು ನಾವು ಕನ್ನಡದ ಮೇಷ್ಟರುಗಳು ಅಷ್ಟಾಗಿ ಹೇಳುವುದಿಲ್ಲ. ಅದು ಜೈನ ವಿದ್ವಾಂಸ ಮಹಾವೀರಾಚಾರ್ಯನು ಸುಮಾರು 850ರಲ್ಲಿ ಸಂಸ್ಕೃತದಲ್ಲಿ ರಚಿಸಿದ 'ಗಣಿತಸಾರಸಂಗ್ರಹ'. ಒಂದೇ ಆಳ್ವಿಕೆಯಲ್ಲಿ ಕಾವ್ಯದ ದಾರಿಯನ್ನು ತೋರಿಸುವ ಪುಸ್ತಕವೂ ಲೆಕ್ಕದ ದಾರಿಯನ್ನು ತೋರಿಸುವ ಪುಸ್ತಕವೂ ಹುಟ್ಟಿದುವು.

ಅದಕ್ಕೆ ಮುಂಚೆ ಗಣಿತವು ಬಹುಮಟ್ಟಿಗೆ ಜ್ಯೋತಿಷ ಗ್ರಂಥಗಳ ಒಂದೆರಡು ಅಧ್ಯಾಯಗಳಲ್ಲಿ ಬಾಡಿಗೆಗೆ ಇದ್ದಂತೆ ಇದ್ದಿತು. ಮಹಾವೀರನು ಅದಕ್ಕೆ ಸ್ವಂತ ಮನೆ ಕಟ್ಟಿಕೊಟ್ಟನು. ಸಂಗೀತ, ನಾಟಕ, ಅಡುಗೆ, ವೈದ್ಯ, ವಾಸ್ತು, ಛಂದಸ್ಸು, ವ್ಯಾಕರಣ, ಇವೆಲ್ಲಕ್ಕೂ ಗಣಿತ ಬೇಕೆಂದು ಅವನು ಆರಂಭದಲ್ಲಿಯೇ ಹೇಳುತ್ತಾನೆ. ಅಡುಗೆಮನೆಯನ್ನು ಬಿಡದೆ ಹೆಸರಿಸಿದ ಗಣಿತಜ್ಞನನ್ನು ಯಾರು ತಾನೆ ಮೆಚ್ಚದಿದ್ದಾರು?

ಅವನ ಒಂದು ಲೆಕ್ಕವನ್ನು ನನ್ನ ಮಾತಿನಲ್ಲಿ ಹೇಳುತ್ತೇನೆ. ಒಂದು ಮಾವಿನ ಹಣ್ಣಿನ ರಾಶಿ. ಅದರ ಆರನೆಯ ಒಂದು ಪಾಲನ್ನು ಅರಸ ತೆಗೆದುಕೊಂಡ. ಉಳಿದುದರ ಐದನೆಯ ಒಂದು ಪಾಲು ರಾಣಿಗೆ. ಆಮೇಲೆ ಮೂವರು ಕುಮಾರರು ಉಳಿಯುತ್ತ ಹೋದುದರಲ್ಲಿ ಕ್ರಮವಾಗಿ ಕಾಲು, ಮೂರನೆಯ ಒಂದು, ಅರ್ಧ ಪಾಲುಗಳನ್ನು ತೆಗೆದುಕೊಂಡರು. ಕಡೆಗೆ ಉಳಿದ ಮೂರು ಹಣ್ಣು ಎಲ್ಲರಿಗಿಂತ ಚಿಕ್ಕ ಮಗುವಿಗೆ. ಹಣ್ಣು ಒಟ್ಟು ಎಷ್ಟು?

ಉತ್ತರ 18. ಪರೀಕ್ಷೆಯ ಮಟ್ಟಿಗೆ ಇಲ್ಲಿಗೆ ಮುಗಿಯಿತು. ಆದರೆ ಸ್ವಾರಸ್ಯ ಇರುವುದು ಇದರಾಚೆಗೆ. ಯಾರಿಗೆ ಎಷ್ಟು ಬಂದಿತೆಂದು ನೋಡಿ: 18ರ ಆರನೆಯ ಒಂದು ಪಾಲು 3, 15ರ ಐದನೆಯ ಒಂದು ಪಾಲು 3, 12ರ ಕಾಲು 3, 9ರ ಮೂರನೆಯ ಒಂದು 3, 6ರ ಅರ್ಧ 3, ಮಗುವಿಗೆ 3. ಕೇಳುವಾಗ ಒಬ್ಬೊಬ್ಬರಿಗೆ ಒಂದೊಂದು ಬಗೆಯ ಪಾಲು. ಎಣಿಸಿದರೆ ಅರಸನಿಗೂ ಮಗುವಿಗೂ ಒಂದೇ. ಇದನ್ನು ಕಂಡ ಹುಡುಗನು ಮುಂದಿನ ಪ್ರಶ್ನೆಯನ್ನು ತಾನೇ ಕೇಳುತ್ತಾನೆ: ಏಳು ಜನರಿದ್ದರೆ? ಹತ್ತು ಜನರಿದ್ದರೆ? ಯಾರೂ ಕೇಳದ ಪ್ರಶ್ನೆಯನ್ನು ತಾನೇ ಕೇಳಿಕೊಂಡಾಗ ಲೆಕ್ಕವು ಕೆಲಸವಾಗದೆ ಆಟವಾಗುತ್ತದೆ.

ಇನ್ನೊಂದು ಲೆಕ್ಕದಲ್ಲಿ ವಸಂತದ ರಾತ್ರಿ, ಪ್ರಣಯಕಲಹ, ಹರಿದ ಮುತ್ತಿನ ಹಾರ. ಮೂರನೆಯ ಒಂದು ಪಾಲು ದಾಸಿಯ ಬಳಿಗೆ ಉರುಳಿತು. ಆರನೆಯ ಒಂದು ಪಾಲು ಹಾಸಿಗೆಯ ಮೇಲೆ ಬಿದ್ದಿತು. ಉಳಿದುದರ ಅರ್ಧ, ಮತ್ತೆ ಉಳಿದುದರ ಅರ್ಧ, ಹೀಗೆ ಆರು ಸಾರಿ ಎಲ್ಲೆಡೆ ಚೆದರಿತು. ಕಡೆಗೆ ಉಳಿದುವು 1161 ಮುತ್ತು. ಮೊದಲೆರಡು ಪಾಲು ಹೋದಾಗ ಅರ್ಧ ಹಾರ ಉಳಿಯಿತು. ಅದು ಆರು ಸಾರಿ ಅರ್ಧವಾದರೆ ಉಳಿಯುವುದು ನೂರಿಪ್ಪತ್ತೆಂಟನೆಯ ಒಂದು ಪಾಲು. ಆದುದರಿಂದ ಹಾರದಲ್ಲಿ ಇದ್ದ ಮುತ್ತುಗಳು 1,48,608! ಇಷ್ಟನ್ನು ಹೊರಬಲ್ಲ ಕೊರಳು ಕಾವ್ಯದಲ್ಲಿ ಉಂಟು, ಇಲ್ಲವೆ ಗಣಿತದಲ್ಲಿ ಉಂಟು.

ಮುತ್ತಿನ ಹಾರವಷ್ಟೇ ಅಲ್ಲ, ಅಂಕಿಗಳ ಹಾರವನ್ನೂ ಅವನು ಪೋಣಿಸಿದ್ದಾನೆ. 139ನ್ನು 109ರಿಂದ ಗುಣಿಸಿದರೆ 15151. ಎಡದಿಂದ ಓದಿದರೂ ಬಲದಿಂದ ಓದಿದರೂ ಒಂದೇ. 152207ನ್ನು 73ರಿಂದ ಗುಣಿಸಿದರೆ 11111111. 27994681ನ್ನು 441ರಿಂದ ಗುಣಿಸಿದರೆ 12345654321. ಹಾರವು ಭುಜದಿಂದ ಇಳಿದು ಪದಕವನ್ನು ಮುಟ್ಟಿ ಮತ್ತೆ ಏರಿದಂತೆ ಕಾಣುವುದಿಲ್ಲವೆ? ಇವುಗಳನ್ನು ಕೊರಳಿನ ಆಭರಣವೆಂದೇ ಅವನು ಕರೆದನು. ವ್ಯಾಪಾರಿಗೆ ಇವುಗಳಿಂದ ಕಾಸಿನ ಲಾಭವಿಲ್ಲ. ಚೆಂದವಾಗಿದೆ ಎಂಬುದಷ್ಟೇ ಕಾರಣ.

ಅಡುಗೆಮನೆಯ ಮಾತು ಬಂದಿತಲ್ಲ: ಸಿಹಿ, ಹುಳಿ, ಉಪ್ಪು, ಖಾರ, ಕಹಿ, ಒಗರು ಎಂಬ ಆರು ರಸಗಳನ್ನು ಎಷ್ಟು ಬಗೆಯಲ್ಲಿ ಬೆರೆಸಬಹುದೆಂದು ಅವನು ಕೇಳುತ್ತಾನೆ. ಎರಡೆರಡಾಗಿ ಬೆರೆಸಲು ಆರನ್ನು ಐದರಿಂದ ಗುಣಿಸಿ ಎರಡರಿಂದ ಭಾಗಿಸಬೇಕು: 15. ಯುಗಾದಿಯ ಬೇವುಬೆಲ್ಲ ಈ 15ರಲ್ಲಿ ಒಂದು. ಮೂರು ಮೂರಾಗಿ 20. ಒಂದೊಂದರಿಂದ ಆರರವರೆಗೆ ಎಲ್ಲವನ್ನೂ ಕೂಡಿಸಿದರೆ 63. ಎಷ್ಟು ವಸ್ತುಗಳಿದ್ದರೂ ಸಲ್ಲುವ ಸೂತ್ರವನ್ನು ಅವನು ಕೊಟ್ಟಿದ್ದಾನೆ.

ಹೀಗೆ ಬೆರೆಸಿ ಎಣಿಸುವ ಈ ವಿದ್ಯೆಯೇ ನಮ್ಮ ಛಂದಸ್ಸಿನಲ್ಲಿಯೂ ಉಂಟು. ಲೆಕ್ಕಕ್ಕೆ ಹೆದರಿ ಬಂದ ವಿದ್ಯಾರ್ಥಿಗಳು ಸಿಕ್ಕಿಬೀಳುವುದು ಇಲ್ಲಿಯೇ. ಸುಮಾರು 990ರ ನಾಗವರ್ಮನ 'ಛಂದೋಂಬುಧಿ'ಯಲ್ಲಿ ಷಟ್ಪ್ರತ್ಯಯವೆಂಬ ಭಾಗವಿದೆ. ಪರೀಕ್ಷೆಗೆ ಬಾರದೆಂದು ಅದನ್ನು ದಾಟಿಸಿಬಿಡುವುದೇ ರೂಢಿ. ನಾನು ಊರುಗಳ ಹೆಸರಿನಿಂದ ಅದನ್ನು ಆರಂಭಿಸುತ್ತೇನೆ. ನನ್ನ ಊರು ಹುಣಸೂರು ತಾಲ್ಲೂಕಿನ ಗುರುಪುರ. ಟಿಬೆಟನ್ನರ ನೆಲೆಯೂ ವಿಹಾರವೂ ಇರುವುದರಿಂದ ಅದು ಹೊರಗಿನವರಿಗೂ ಪರಿಚಿತ. ಪ್ರಸ್ತಾರ ಹಾಕಿ ನೋಡಿ: ಗು, ರು, ಪು, ರ, ನಾಲ್ಕೂ ಲಘು. ಗುರುಪುರದಲ್ಲಿ ಒಂದು ಗುರುವೂ ಇಲ್ಲ!

ನಾಲ್ಕು ಅಕ್ಷರಗಳಲ್ಲಿ ಗುರುಲಘುಗಳನ್ನು 16 ಬಗೆಯಲ್ಲಿ ಜೋಡಿಸಬಹುದು. ಎಲ್ಲ ಗುರುವಾದದ್ದು ಮೊದಲ ಸಾಲು, ಎಲ್ಲ ಲಘುವಾದದ್ದು ಕಡೆಯ ಸಾಲು. ಒಂದು ಹೆಸರು ಎಷ್ಟನೆಯ ಸಾಲಿನದೆಂದು ಹದಿನಾರನ್ನೂ ಬರೆಯದೆ ಹೇಳುವುದಕ್ಕೆ ಉದ್ದಿಷ್ಟವೆಂಬ ಉಪಾಯವಿದೆ. ಅಕ್ಷರಗಳ ಮೇಲೆ ಕ್ರಮವಾಗಿ 1, 2, 4, 8 ಎಂದು ಬರೆಯಿರಿ. ಲಘುಗಳ ಮೇಲಿನ ಅಂಕಿಗಳನ್ನು ಕೂಡಿ ಒಂದನ್ನು ಸೇರಿಸಿ. ಗುರುಪುರ 16ನೆಯ ಸಾಲು. ಹುಣಸೂರಿನಲ್ಲಿ 'ಸೂ' ಒಂದೇ ಗುರು, ಅದು 12. ಬೆಂಗಳೂರು 11. ವಾಚಕರು ತಮ್ಮ ಹೆಸರನ್ನೂ ಹೀಗೆಯೇ ನೋಡಬಹುದು.

ಅಕ್ಷರಗಳ ಬದಲು ಮಾತ್ರೆಗಳನ್ನು ಎಣಿಸಿದರೆ ಇನ್ನೊಂದು ವಿಸ್ಮಯ. ಲಘುವಿಗೆ ಒಂದು ಮಾತ್ರೆ, ಗುರುವಿಗೆ ಎರಡು. ಒಂದು ಮಾತ್ರೆಗೆ ಒಂದೇ ರೂಪ, ಎರಡಕ್ಕೆ 2, ಮೂರಕ್ಕೆ 3, ನಾಲ್ಕಕ್ಕೆ 5, ಐದಕ್ಕೆ 8, ಆರಕ್ಕೆ 13. ಪ್ರತಿ ಸಂಖ್ಯೆಯೂ ಹಿಂದಿನ ಎರಡರ ಮೊತ್ತ. ಏಕೆಂದರೆ ಯಾವ ರೂಪವೂ ಲಘುವಿನಲ್ಲಿ ಮುಗಿಯಬೇಕು, ಇಲ್ಲವೆ ಗುರುವಿನಲ್ಲಿ ಮುಗಿಯಬೇಕು. ಅದನ್ನು ತೆಗೆದರೆ ಉಳಿಯುವುದು ಒಂದು ಮಾತ್ರೆ ಕಡಮೆಯ ರೂಪ ಅಥವಾ ಎರಡು ಮಾತ್ರೆ ಕಡಮೆಯ ರೂಪ. ಗುಜರಾತಿನ ಜೈನಾಚಾರ್ಯ ಹೇಮಚಂದ್ರನು 1150ರ ಸುಮಾರಿಗೆ ಇದನ್ನು ಛಂದಸ್ಸಿನ ಗ್ರಂಥದಲ್ಲಿ ಹೇಳಿದನು. ಇಟಲಿಯ ಲಿಯೊನಾರ್ಡೊ ಫಿಬೊನಾಚಿ ಮೊಲಗಳ ಲೆಕ್ಕದಲ್ಲಿ ಇದೇ ಸಾಲನ್ನು ಬರೆದದ್ದು 1202ರಲ್ಲಿ. ಜಗತ್ತು ಅದನ್ನು ಮೊಲದ ಲೆಕ್ಕದವನ ಹೆಸರಿನಿಂದಲೇ ಕರೆಯುತ್ತದೆ. ಕುಮಾರವ್ಯಾಸನ ಭಾಮಿನಿಯ ಮೊದಲ ಸಾಲನ್ನು ತೆಗೆದುಕೊಳ್ಳಿ: ಮೂರು, ನಾಲ್ಕು, ಮೂರು, ನಾಲ್ಕು ಮಾತ್ರೆಗಳ ಗಣಗಳು. ಲಘುವಿನ ಮೇಲೆ ಗುರು ಬಂದು ಆರಂಭವಾಗುವ ಗಣಗಳು ಸಲ್ಲವು. ಅವನ್ನು ಕಳೆದರೆ ಮೂರಕ್ಕೆ ಎರಡು ರೂಪ, ನಾಲ್ಕಕ್ಕೆ ನಾಲ್ಕು ರೂಪ. ಒಟ್ಟು 64 ನಡಿಗೆ. ಗದುಗಿನ ಭಾರತವನ್ನು ಗಂಟೆಗಟ್ಟಲೆ ಕೇಳಿದರೂ ಬೇಸರ ಬಾರದಿರುವುದಕ್ಕೆ ಇದೂ ಒಂದು ಕಾರಣವೆಂದು ನನ್ನ ಎಣಿಕೆ.

ಗಣಿತವು ಸಂಸ್ಕೃತದಲ್ಲಿಯೇ ನಿಲ್ಲಲಿಲ್ಲ. 12ನೆಯ ಶತಮಾನದ ರಾಜಾದಿತ್ಯನೆಂಬ ಜೈನ ಕವಿಯು 'ವ್ಯವಹಾರಗಣಿತ', 'ಕ್ಷೇತ್ರಗಣಿತ', 'ಲೀಲಾವತಿ' ಮೊದಲಾದುವನ್ನು ಕನ್ನಡದಲ್ಲಿಯೇ ಬರೆದನು. ಆರ್. ನರಸಿಂಹಾಚಾರ್ಯರು 'ಕರ್ಣಾಟಕ ಕವಿಚರಿತೆ'ಯಲ್ಲಿ ಅವನಿಗೆ ಕವಿಗಳ ನಡುವೆಯೇ ಸ್ಥಾನ ಕೊಟ್ಟರು. ಲೆಕ್ಕದವನನ್ನು ಕವಿಗಳ ಸಾಲಿನಲ್ಲಿ ಕೂಡಿಸಲು ಅವರಿಗೆ ಸಂಕೋಚವಾಗಲಿಲ್ಲ.

ಇವರೆಲ್ಲ ತಪ್ಪೇ ಮಾಡದವರೆಂದು ಮೆರೆಸುವುದು ನನ್ನ ಉದ್ದೇಶವಲ್ಲ. ಒಂದು ಸಂಖ್ಯೆಯನ್ನು ಸೊನ್ನೆಯಿಂದ ಭಾಗಿಸಿದರೆ ಅದು ಬದಲಾಗದೆ ಉಳಿಯುತ್ತದೆ ಎಂದು ಮಹಾವೀರನು ಬರೆದದ್ದು ತಪ್ಪು. ಆ ತಪ್ಪನ್ನೂ ತರಗತಿಯಲ್ಲಿ ಹೇಳಬೇಕು. ಅಷ್ಟು ದೊಡ್ಡವನೂ ಎಡವಿದನೆಂದು ತಿಳಿದರೆ ಕೆಂಪು ಶಾಯಿಗೆ ಅಂಜುವ ಮಗುವಿಗೆ ಧೈರ್ಯ ಬರುತ್ತದೆ.

ಓಲೆಗರಿಗಳಲ್ಲಿ ಉಳಿದು ಬಂದ 'ಗಣಿತಸಾರಸಂಗ್ರಹ'ವನ್ನು ಎಂ. ರಂಗಾಚಾರ್ಯರು ಇಂಗ್ಲಿಷ್ ಅನುವಾದದೊಡನೆ ಮದರಾಸಿನಲ್ಲಿ ಅಚ್ಚು ಹಾಕಿಸಿದ್ದು 1912ರಲ್ಲಿ. ಮೈಸೂರು ವಿಶ್ವವಿದ್ಯಾನಿಲಯದ ಗಣಿತ ಪ್ರಾಧ್ಯಾಪಕಿ ಪದ್ಮಾವತಮ್ಮನವರು ಮಾಡಿದ ಕನ್ನಡ ಅನುವಾದ ಹೊಂಬುಜದಿಂದ 2000ರಲ್ಲಿ ಪ್ರಕಟವಾಯಿತು. ಮಳಖೇಡದ ಅರಸನ ಕಾಲದ ಲೆಕ್ಕ ಕನ್ನಡದಲ್ಲಿ ಹೀಗೆ ಪುಸ್ತಕವಾಗಿ ಬರಲು ಸಾವಿರದ ನೂರೈವತ್ತು ವರ್ಷ ಹಿಡಿಯಿತು. ಇನ್ನು ಅದು ಕಪಾಟಿನಿಂದ ತರಗತಿಗೆ ಬರಬೇಕು.

ತನಗೆ ಲೆಕ್ಕ ಬಾರದೆಂದು ಹದಿನೈದನೆಯ ವಯಸ್ಸಿಗೇ ತೀರ್ಮಾನಿಸಿದ ಮಗು ಆ ತೀರ್ಪನ್ನು ಆಮೇಲೆ ಮರುವಿಚಾರಣೆ ಮಾಡುವುದು ಅಪೂರ್ವ. ಅದರಿಂದ ಅದಕ್ಕೆ ತಪ್ಪಿದ್ದು ಒಂದು ಉದ್ಯೋಗವಷ್ಟೇ ಅಲ್ಲ, ಒಂದು ಸಂತೋಷ. ಪಠ್ಯವನ್ನು ಮುಗಿಸುವ ಅವಸರ ಉಪಾಧ್ಯಾಯರಿಗೆ ಇದ್ದೇ ಇರುತ್ತದೆ; ನನಗೂ ಉಂಟು. ಆದರೂ ವಾರಕ್ಕೆ ಹತ್ತು ನಿಮಿಷವನ್ನು ಪರೀಕ್ಷೆಗೆ ಬಾರದ ಒಂದು ಲೆಕ್ಕಕ್ಕೆ ಬಿಟ್ಟುಕೊಟ್ಟರೆ ನಷ್ಟವೇನೂ ಇಲ್ಲ. ಮಾವಿನ ಹಣ್ಣಿನ ಲೆಕ್ಕದಿಂದ ಆರಂಭಿಸಬಹುದು; ಅದಕ್ಕೆ ಕರಿಹಲಗೆಯೂ ಬೇಡ.