ಸುರುಳಿಯಲ್ಲಿ ಸಿಕ್ಕಿದ ಕಛೇರಿ

ತಮ್ಮ ಮನೆ ಜಯನಗರದಲ್ಲೋ ಬನಶಂಕರಿಯಲ್ಲೋ ಇದ್ದು, ಅದಕ್ಕೊಂದು ಹಳೆಯ ಅಟ್ಟವೂ ಇದ್ದರೆ, ಮುಂದಿನ ಹಬ್ಬಕ್ಕೆ ಅದನ್ನು ಗುಡಿಸುವಾಗ ಸ್ವಲ್ಪ ನಿಧಾನಿಸಬೇಕೆಂದು ನನ್ನ ಕೋರಿಕೆ. ಹಿತ್ತಾಳೆ ಕೊಳಗಗಳ ಹಿಂದೆ, ಹರಿದ ಪಂಚಾಂಗಗಳ ಕೆಳಗೆ, ರಟ್ಟಿನ ಡಬ್ಬಿಗಳಲ್ಲಿ ಕಂದು ಬಣ್ಣದ ಟೇಪಿನ ಸುರುಳಿಗಳು ಸಿಕ್ಕಬಹುದು. ಡಬ್ಬಿಯ ಮೇಲೆ ಯಾರೋ ಹಿರಿಯರು ಪೆನ್ಸಿಲಿನಲ್ಲಿ ಬರೆದಿರುತ್ತಾರೆ: 'ಕೋಟೆ ಹೈಸ್ಕೂಲು, ರಾಮನವಮಿ'. ಹಳೆಯ ಸಾಮಾನಿನವನಿಗೆ ಕೊಟ್ಟರೆ ಅದಕ್ಕೆ ಕಾಸೂ ಹುಟ್ಟದು. ಆದರೆ ನಮ್ಮ ಸಂಗೀತದ ಚರಿತ್ರೆಯನ್ನು ಬರೆಯಹೊರಟವನಿಗೆ ಅದು ತಾಮ್ರಶಾಸನಕ್ಕೆ ಸಮ.

ಕೋಟೆ ಹೈಸ್ಕೂಲಿನ ಮೈದಾನವೆಂದರೇನೆಂದು ಈ ಊರಿನವರಿಗೆ ಹೇಳಬೇಕಾಗಿಲ್ಲ. ಎಸ್. ವಿ. ನಾರಾಯಣಸ್ವಾಮಿ ರಾಯರು 1939ರಲ್ಲಿ ಚಾಮರಾಜಪೇಟೆಯಲ್ಲಿ ಆರಂಭಿಸಿದ ಶ್ರೀ ರಾಮಸೇವಾ ಮಂಡಲಿಯ ಉತ್ಸವ ಮುಂದೆ ಆ ಮೈದಾನಕ್ಕೆ ಬಂದು, ದಕ್ಷಿಣ ದೇಶದ ದೊಡ್ಡ ವಿದ್ವಾಂಸರೆಲ್ಲ ಚಪ್ಪರದಡಿಯಲ್ಲಿ ಕುಳಿತು ಹಾಡಿದರು. 1905ರಷ್ಟು ಹಿಂದೆಯೇ ಹುಟ್ಟಿದ ಗಾಯನ ಸಮಾಜವಂತೂ ಇದ್ದೇ ಇತ್ತು. ಆದರೆ ಚಪ್ಪರದ ಸೊಗಸೇ ಬೇರೆ. ಬಯಲುಗಾಳಿ, ಹುರಿಗಡಲೆ, ಕೋಸಂಬರಿ ಪಾನಕ, ನಡುರಾತ್ರಿಯಲ್ಲಿ ಮನೆಗೆ ನಡಿಗೆ. ಆ ಜನಸಂದಣಿಯ ನಡುವೆ ಧ್ವನಿವರ್ಧಕದ ಪಕ್ಕದಲ್ಲೇ ಜಾಗ ಹಿಡಿದು, ಮಡಿಲಲ್ಲಿ ಮೈಕನ್ನಿಟ್ಟುಕೊಂಡು, ಕಾಲಿನ ಬಳಿ ಟೇಪ್ ರೆಕಾರ್ಡರನ್ನು ಕೂಸಿನಂತೆ ಕಾಯುತ್ತ ಕುಳಿತ ರಸಿಕನೊಬ್ಬನಿರುತ್ತಿದ್ದ. ಅನುಮತಿ ಕೇಳಿದವರೂ ಉಂಟು, ಕೇಳದವರೂ ಉಂಟು. ಇಂಗ್ಲಿಷಿನವರು ಇಂಥದ್ದನ್ನು ಬೂಟ್‌ಲೆಗ್ ಎನ್ನುತ್ತಾರೆ. ಕಳ್ಳಸಾರಾಯಿಯ ಸೀಸೆಯನ್ನು ಬೂಟಿನಲ್ಲಿ ಅಡಗಿಸುತ್ತಿದ್ದವರಿಂದ ಬಂದ ಮಾತು ಅದು. ನಮ್ಮ ರಸಿಕನ ಕಾಲಿನಲ್ಲಿ ಬೂಟಿರಲಿಲ್ಲ. ಚಪ್ಪಲಿಯನ್ನೂ ಹೊರಗೆ ಬಿಟ್ಟು ಬಂದಿದ್ದ.

ಈ ಉಸಾಬರಿ ಏಕೆ, ಅಂಗಡಿಯಲ್ಲಿ ಗ್ರಾಮಫೋನು ತಟ್ಟೆಗಳು ಸಿಕ್ಕುತ್ತಿರಲಿಲ್ಲವೇ ಎಂದು ತಾವು ಕೇಳಬಹುದು. ಸಿಕ್ಕುತ್ತಿದ್ದವು. ಆದರೆ ನಿಮಿಷಕ್ಕೆ 78 ಸುತ್ತು ತಿರುಗುವ ತಟ್ಟೆಯ ಒಂದು ಮಗ್ಗುಲಿಗೆ ಮೂರು ನಾಲ್ಕು ನಿಮಿಷಕ್ಕಿಂತ ಹೆಚ್ಚು ಹಿಡಿಸದು. ಗಂಟೆಗಟ್ಟಲೆ ಅರಳಬೇಕಾದ ರಾಗ ತಾನ ಪಲ್ಲವಿಯನ್ನು ಅದಕ್ಕೆ ಹೊಂದಿಸುವುದೆಂದರೆ ಆನೆಯನ್ನು ಬೆಂಕಿಪೊಟ್ಟಣದಲ್ಲಿ ಕಟ್ಟಿದಂತೆ. ಮೇಲಾಗಿ ಸ್ಟುಡಿಯೋದಲ್ಲಿ ಶ್ರೋತೃವಿಲ್ಲ. ತಲೆದೂಗುವವರಿಲ್ಲದೆಡೆ ಹಾಡುಗಾರ ಜಾಗರೂಕನಾಗಿ ಹಾಡುತ್ತಾನೆ, ಅಷ್ಟೆ. ತಪ್ಪು ಮಾಡುವ ಧೈರ್ಯ ಅವನಿಗೆ ಬರುವುದು ಚಪ್ಪರದಲ್ಲಿಯೇ.

ಈ ಹಂಬಲ ನಮ್ಮದೊಂದೇ ಅಲ್ಲ. ನ್ಯೂಯಾರ್ಕಿನ ಮೆಟ್ರೊಪಾಲಿಟನ್ ಆಪೆರಾದ ಗ್ರಂಥಪಾಲಕ ಮೇಪಲ್‌ಸನ್ 1901ರಿಂದ 1903ರವರೆಗೆ ರಂಗದ ಮೇಲುಗಡೆ ಯಂತ್ರವಿಟ್ಟು ಮೇಣದ ಕೊಳವೆಗಳಲ್ಲಿ ಗಾಯಕರ ದನಿಯನ್ನು ಹಿಡಿದ. ಡೀನ್ ಬೆನೆಡೆಟ್ಟಿ ಎಂಬಾತ 1947 - 48ರಲ್ಲಿ ಜಾಜ್ ವಾದಕ ಚಾರ್ಲಿ ಪಾರ್ಕರ್ ನುಡಿಸುತ್ತಿದ್ದ ಕ್ಲಬ್ಬುಗಳಿಗೆ ಯಂತ್ರ ಹೊತ್ತು ಅಲೆದ. ಪಾರ್ಕರ್ ನಿಲ್ಲಿಸಿ ಇತರರು ನುಡಿಸತೊಡಗಿದರೆ ಈತನೂ ಯಂತ್ರವನ್ನು ನಿಲ್ಲಿಸುತ್ತಿದ್ದ! ಬೀಟಲ್ಸ್ ತಂಡದ ಕಥೆ ಇನ್ನೂ ಸ್ವಾರಸ್ಯ. ಜಗತ್ತು ಅವರನ್ನು ಅರಿಯುವ ಮೊದಲು, 1962ರ ಡಿಸೆಂಬರಿನಲ್ಲಿ, ಹ್ಯಾಂಬರ್ಗಿನ ಸ್ಟಾರ್ ಕ್ಲಬ್ಬಿನಲ್ಲಿ ಅವರು ಹಾಡಿದ್ದನ್ನು ಮನೆಬಳಕೆಯ ಟೇಪ್ ರೆಕಾರ್ಡರೊಂದು ನುಂಗಿಕೊಂಡಿತು. 1977ರಲ್ಲಿ ಅದು ತಟ್ಟೆಯಾಗಿ ಹೊರಬಿತ್ತು. ಧ್ವನಿ ಒರಟು, ಗದ್ದಲ ಬಹಳ. ಆದರೂ ಆ ಹುಡುಗರು ಕ್ಲಬ್ಬಿನಲ್ಲಿ ರಾತ್ರಿಯಿಡೀ ದುಡಿದು ಪಳಗಿದ್ದು ಹೇಗೆಂಬುದಕ್ಕೆ ಅದಕ್ಕಿಂತ ಒಳ್ಳೆಯ ಸಾಕ್ಷಿ ಇಲ್ಲ.

ನಮ್ಮಲ್ಲಿ ಅಂಥ ಸಾಕ್ಷಿ ಯಾರಿಗೆ ಹೆಚ್ಚು ಬೇಕು ಎಂದರೆ ನಾನು ಮೊದಲು ಹೇಳುವ ಹೆಸರು ಕೊಳಲಿನ ಮಾಲಿಯವರದು. ಟಿ. ಆರ್. ಮಹಾಲಿಂಗಂ ಹುಟ್ಟಿದ್ದು 1926ರಲ್ಲಿ, ತಮಿಳು ನಾಡಿನಲ್ಲಿ, ಬಾಳಿನ ಕೆಲವು ವರ್ಷ ಕಳೆದದ್ದು ನಮ್ಮ ಬೆಂಗಳೂರಿನಲ್ಲಿ, ತೀರಿಕೊಂಡದ್ದು 1986ರಲ್ಲಿ. ಏಳು ವರ್ಷದ ಬಾಲಕನಾಗಿ 1933ರಲ್ಲಿ ಮೈಲಾಪುರದಲ್ಲಿ ನುಡಿಸಿದಾಗ ಮುಸಿರಿ ಸುಬ್ರಹ್ಮಣ್ಯ ಅಯ್ಯರಂಥವರೇ ಬೆರಗಾದರು. ಕೊಳಲಿನಲ್ಲಿ ಹಾಡುಗಾರಿಕೆಯ ಗಮಕವನ್ನೆಲ್ಲ ತಂದ ಮಹನೀಯರು. ಆದರೆ ಅವರ ಕಛೇರಿಗೆ ಟಿಕೆಟು ಕೊಂಡವರಿಗೆ ಕಛೇರಿ ನಡೆದೀತೆಂಬ ಭರವಸೆ ಇರಲಿಲ್ಲ. ಒಮ್ಮೊಮ್ಮೆ ಬಾರರು, ಬಂದರೂ ನಡುವೆ ಎದ್ದು ಹೋಗುವರು, ಮನಸ್ಸು ಬಂದ ದಿನ ಗಂಧರ್ವಲೋಕ. ಆ 'ಮನಸ್ಸು ಬಂದ ದಿನ'ವನ್ನು ಯಾವ ಕಂಪನಿ ಮೊದಲೇ ಗೊತ್ತುಮಾಡಿ ಸ್ಟುಡಿಯೋಗೆ ಕರೆಯಬಲ್ಲುದು? ಅದು ಸಿಕ್ಕಿದ್ದು ಪ್ರತಿ ಸಲವೂ ಸೋಲಲು ಸಿದ್ಧನಾಗಿ ಯಂತ್ರ ಹೊತ್ತು ಹೋದ ರಸಿಕನಿಗೆ. ಮಧುರೆ ಮಣಿ ಅಯ್ಯರ್ (1912 - 1968) ಅವರ ಸ್ವರ ವಿನ್ಯಾಸದ ಲಹರಿಯೂ ನಮಗೆ ದಕ್ಕಿರುವುದು ಬಹುಪಾಲು ಬಾನುಲಿಯಿಂದ ಮತ್ತು ಇಂಥ ಸುರುಳಿಗಳಿಂದ.

ಸುರುಳಿಯ ಲೆಕ್ಕವೂ ಕಠಿನವೇ. 1200 ಅಡಿಯ ಟೇಪು ಸೆಕೆಂಡಿಗೆ 3¾ ಅಂಗುಲದಂತೆ ಓಡಿದರೆ ಒಂದು ಗಂಟೆಯ ಮೇಲೆ ನಾಲ್ಕು ನಿಮಿಷ. ಧ್ವನಿ ಚೆನ್ನಾಗಿರಲೆಂದು ವೇಗ ಇಮ್ಮಡಿಸಿದರೆ ಅದರ ಅರ್ಧ. ಪಲ್ಲವಿಯ ನಟ್ಟನಡುವೆ ಟೇಪು ಮುಗಿಯುವುದು, ಮಗ್ಗುಲು ಬದಲಿಸುವಷ್ಟರಲ್ಲಿ ಒಂದು ಸಂಗತಿ ಗಾಳಿಗೆ ಹೋಗುವುದು. ತನಿ ಆವರ್ತನ ಬಂದೊಡನೆ ಯಂತ್ರ ನಿಲ್ಲಿಸಿ ಟೇಪು ಉಳಿಸುತ್ತಿದ್ದ ಬೆನೆಡೆಟ್ಟಿಗಳು ನಮ್ಮಲ್ಲಿಯೂ ಇದ್ದರು. ಮೃದಂಗದ ಅಭಿಮಾನಿಗಳು ಅವರನ್ನು ಕ್ಷಮಿಸಲಾರರು. 1963ರಲ್ಲಿ ಫಿಲಿಪ್ಸ್ ಕಂಪನಿಯ ಕ್ಯಾಸೆಟ್ಟು ಬಂದು, ಮುಂದೆ ಬ್ಯಾಟರಿಯ ಯಂತ್ರವೂ ಮನೆಮನೆಗೆ ಬಂದಾಗ ಬೇರೊಂದು ತೊಡಕು. ಬ್ಯಾಟರಿ ಸೊರಗಿ ಟೇಪು ನಿಧಾನವಾಗಿ ಓಡಿದ್ದರೆ, ಮನೆಯಲ್ಲಿ ಸರಿಯಾದ ವೇಗದಲ್ಲಿ ಕೇಳುವಾಗ ಶ್ರುತಿ ಮೇಲಕ್ಕೇರುತ್ತದೆ. ಗಂಭೀರ ಕಂಠದ ವಿದ್ವಾಂಸರು ಮಂಗಳದ ಹೊತ್ತಿಗೆ ಬಾಲಕರಾಗಿಬಿಡುತ್ತಾರೆ!

ತಾರೀಖಿಲ್ಲದ ಸುರುಳಿಯ ಕಾಲ ಕಂಡುಹಿಡಿಯುವುದೂ ಒಂದು ಪತ್ತೇದಾರಿ. ಪಕ್ಕವಾದ್ಯವೇ ಮುಖ್ಯ ಸುಳಿವು. ಮೈಸೂರು ಚೌಡಯ್ಯನವರು ಪಿಟೀಲಿಗೆ ಏಳು ತಂತಿ ಹೂಡಿದ್ದು ಮೈಕಿಲ್ಲದ ಕಾಲದಲ್ಲಿ ದೂರದವರಿಗೂ ನಾದ ಕೇಳಲೆಂದು. ಆ ತುಂಬು ನಾದವನ್ನು ಒಮ್ಮೆ ಕೇಳಿದ ಕಿವಿ ಮರೆಯದು. ಅವರು ತೀರಿಕೊಂಡದ್ದು 1967ರ ಜನವರಿಯಲ್ಲಿ. ಆದ್ದರಿಂದ ಅವರ ಕಮಾನು ಕೇಳಿಸಿದರೆ ಸುರುಳಿ ಅದಕ್ಕೂ ಹಿಂದಿನದು. ಜಿ. ಎನ್. ಬಾಲಸುಬ್ರಹ್ಮಣ್ಯಂ ಹಾಡುತ್ತಿದ್ದರೆ 1965ರ ಮೇಗಿಂತ ಹಿಂದಿನದು. ಹೀಗೆ ಒಂದೊಂದೇ ಗೆರೆ ಎಳೆದು ಕಾಲವನ್ನು ಕಿರಿದುಗೊಳಿಸುತ್ತಾರೆ.

ಇದು ಕಳ್ಳತನವಲ್ಲವೇ ಎಂಬ ಪ್ರಶ್ನೆಯನ್ನು ತಪ್ಪಿಸಿಕೊಂಡು ಹೋಗಲು ನನಗೆ ಇಷ್ಟವಿಲ್ಲ. ವಿದ್ವಾಂಸರ ಹೊಟ್ಟೆಪಾಡು ಅವರ ಕಂಠದಲ್ಲಿದೆ. ಕೇಳದೆ ಹಿಡಿದದ್ದನ್ನು ಅಂಗಡಿಯಲ್ಲಿ ಮಾರಿದವರಿಗೆ ನನ್ನ ಬಳಿ ಯಾವ ಸಮಾಧಾನವೂ ಇಲ್ಲ. ನಮ್ಮ 1957ರ ಕೃತಿಸ್ವಾಮ್ಯದ ಕಾಯಿದೆಯಲ್ಲಿ ಹಾಡುವವರ ಹಕ್ಕಿನ ಮಾತೇ ಇರಲಿಲ್ಲ. 1994ರ ತಿದ್ದುಪಡಿಯಲ್ಲಿ ಅದು ಬಂತು. ಆದರೂ ಸ್ವಂತ ಉಪಯೋಗಕ್ಕೂ ಪಾಠಕ್ಕೂ ಸಂಶೋಧನೆಗೂ ಮುದ್ರಿಸಿಕೊಳ್ಳುವುದನ್ನು ಕಾಯಿದೆ ತಪ್ಪೆನ್ನಲಿಲ್ಲ. ಕಾಯಿದೆಗಿಂತ ಮೊದಲೇ ರಸಿಕರಲ್ಲಿ ಒಂದು ಕಟ್ಟಳೆ ಇತ್ತು: ಸುರುಳಿಗೆ ಸುರುಳಿ, ಹಣ ಮುಟ್ಟಕೂಡದು. ಲಂಡನ್ನಿನ ಬಿ.ಬಿ.ಸಿ.ಯೇ ತನ್ನ ಅನೇಕ ಸುರುಳಿಗಳನ್ನು ಅಳಿಸಿ ಮರುಬಳಸಿ, ಆಮೇಲೆ ಶ್ರೋತೃಗಳ ಮನೆಬಾಗಿಲಿಗೆ ಪ್ರತಿ ಕೇಳಿ ಹೋಗಬೇಕಾಯಿತೆಂಬುದನ್ನು ನೆನೆದರೆ, ಈ ಅಟ್ಟದ ಡಬ್ಬಿಗಳನ್ನು ಬರಿಯ ಕಳವಿನ ಮಾಲೆನ್ನಲು ನಾಲಗೆ ಬಾರದು.

ಆದರೆ ಡಬ್ಬಿಗಳು ಬಹಳ ದಿನ ಕಾಯುವುದಿಲ್ಲ. ಹಳೆಯ ಅಸಿಟೇಟ್ ಟೇಪು ಕೆಟ್ಟಾಗ ಹುಳಿ ವಾಸನೆ ಬರುತ್ತದೆ, ಮುಟ್ಟಿದರೆ ಮುರಿಯುತ್ತದೆ. ಸುತ್ತಿಟ್ಟಲ್ಲೇ ಒಂದು ಪದರದ ನಾದ ಪಕ್ಕದ ಪದರಕ್ಕೆ ಅಂಟಿ, ಗಾಯಕ ಬಾಯಿ ತೆರೆಯುವ ಮುನ್ನವೇ ಅವನ ದನಿಯ ನೆರಳು ಕೇಳಿಸುತ್ತದೆ. ಜೆ. ಪಿ. ನಗರದಲ್ಲಿ 2019ರಲ್ಲಿ ತೆರೆದ ಸಂಗೀತದ ವಸ್ತುಸಂಗ್ರಹಾಲಯದಲ್ಲಿ ಧ್ವನಿಮುದ್ರಣ ನಡೆದುಬಂದ ದಾರಿಯನ್ನು ನೋಡಿ ಬಂದ ದಿನವೇ ನಾನು ನಮ್ಮ ಮನೆಯ ಒಂದು ಸುರುಳಿಯನ್ನು ಕೆಳಗಿಳಿಸಿದೆ.

ಅದನ್ನು ಹಿಡಿದವರು ನಮ್ಮ ಸೋದರಮಾವ. ಒಬ್ಬ ಹಿರಿಯ ವಿದ್ವಾಂಸರ ತೋಡಿ. ಹೆಸರು ಹೇಳಿ ಇನ್ನಷ್ಟು ಪಾಪ ಕಟ್ಟಿಕೊಳ್ಳಲಾರೆ. ಆಲಾಪನೆ ಏರುತ್ತ ಏರುತ್ತ ತಾರಸ್ಥಾಯಿಯನ್ನು ಮುಟ್ಟುವಷ್ಟರಲ್ಲಿ ಟಕ್ಕೆಂದು ಒಂದು ಶಬ್ದ. ಬಳಿಕ ಎಂಟು ವರ್ಷದ ಹುಡುಗನೊಬ್ಬ ಗಂಟಲು ಸರಿಮಾಡಿಕೊಂಡು ಹದಿಮೂರರ ಮಗ್ಗಿ ಹೇಳತೊಡಗುತ್ತಾನೆ. ಆ ಹುಡುಗ ನಾನು. ಮಾವ ಊರಲ್ಲಿಲ್ಲದ ಒಂದು ಮಧ್ಯಾಹ್ನ ಯಂತ್ರದ ಕೆಂಪು ಗುಂಡಿಯನ್ನು ಒತ್ತಿದ್ದೆ. ಅವರು ಬಂದು ಕೇಳಿದರು, ಬೈಯಲಿಲ್ಲ, ಆ ಸುರುಳಿಯನ್ನು ಮತ್ತೆ ಹಾಕಲೂ ಇಲ್ಲ. ಹದಿನಾರರ ಮಗ್ಗಿಯ ತನಕ ನಾನೇ ಇದ್ದೇನೆ. ಆಮೇಲೆ ಮತ್ತೊಮ್ಮೆ ಟಕ್ಕೆಂದು, ತೋಡಿ ಮುಗಿದ ಚಪ್ಪಾಳೆ.