‘ದಿಸ್ ಈಸ್ ಎ ಪೆನ್’ ಆಚೆಗೆ: ಒಂದು ಬೆಂಗಳೂರು ಪ್ರಯೋಗದ ಕಥೆ

ಪದವಿ ಮುಗಿಸಿ ಬೆಂಗಳೂರಿಗೆ ಮೊದಲ ಸಂದರ್ಶನಕ್ಕೆ ಹೋದಾಗ ನನಗೆ ಕೇಳಿದ್ದು ಸುಲಭದ ಪ್ರಶ್ನೆ. ನಿಮ್ಮ ಊರಿನ ಬಗ್ಗೆ ಇಂಗ್ಲಿಷಿನಲ್ಲಿ ನಾಲ್ಕು ಮಾತು ಹೇಳಿ ಎಂದರು. ಊರಿನ ಕೆರೆ, ಸಂತೆ, ಈರುಳ್ಳಿ ಬೆಲೆ ಎಲ್ಲವೂ ಗೊತ್ತಿತ್ತು. ಆದರೆ ವಾಕ್ಯವನ್ನು ಮನಸ್ಸಿನಲ್ಲೇ ಕನ್ನಡದಲ್ಲಿ ಕಟ್ಟಿ, ಇಂಗ್ಲಿಷಿಗೆ ತಿರುಗಿಸಿ, ‘ಈಸ್’ ಬರಬೇಕೋ ‘ವಾಸ್’ ಬರಬೇಕೋ ಎಂದು ಲೆಕ್ಕ ಹಾಕುವಷ್ಟರಲ್ಲಿ ಅವರು ಮುಂದಿನವರನ್ನು ಕರೆದರು. ಹಳ್ಳಿ ಶಾಲೆಯಲ್ಲಿ ಓದಿದ ಎಷ್ಟೋ ಜನರಿಗೆ ಈ ಅನುಭವ ಹೊಸದಲ್ಲ.

ಇದೇ ತೊಡಕನ್ನು ಬಿಡಿಸಲು ನಡೆದ ಒಂದು ಪ್ರಯೋಗಕ್ಕೆ ಬೆಂಗಳೂರಿನದೇ ಹೆಸರಿದೆ ಎಂಬುದು ನನಗೆ ತಿಳಿದದ್ದು ತೀರಾ ಈಚೆಗೆ.

ಸ್ವಾತಂತ್ರ್ಯಾನಂತರ ಇಂಗ್ಲಿಷ್ ಕಲಿಕೆಯನ್ನು ಸುಧಾರಿಸಲು 1958ರಲ್ಲಿ ಹೈದರಾಬಾದಿನಲ್ಲಿ ಕೇಂದ್ರೀಯ ಇಂಗ್ಲಿಷ್ ಸಂಸ್ಥೆ ಆರಂಭವಾಯಿತು. 1963ರಲ್ಲಿ ದಕ್ಷಿಣ ರಾಜ್ಯಗಳಿಗಾಗಿ ಬೆಂಗಳೂರಿನಲ್ಲಿ ಪ್ರಾದೇಶಿಕ ಇಂಗ್ಲಿಷ್ ಸಂಸ್ಥೆ ಬಂತು. ಆಗ ಶಾಲೆಗಳಲ್ಲಿದ್ದದ್ದು ವಾಕ್ಯರಚನೆಗಳನ್ನು ಒಂದೊಂದಾಗಿ ಬಾಯಿಪಾಠ ಮಾಡಿಸುವ ಪದ್ಧತಿ. ಮೇಷ್ಟ್ರು ಪೆನ್ ಎತ್ತಿ ಹಿಡಿದು ‘ದಿಸ್ ಈಸ್ ಎ ಪೆನ್’ ಎಂದರೆ ಇಡೀ ತರಗತಿ ಒಕ್ಕೊರಲಿನಿಂದ ಹಾಗೇ ಹೇಳುವುದು. ತರಗತಿಯಲ್ಲಿ ವಾಕ್ಯ ಸರಿಯಾಗಿ ಬರುತ್ತಿತ್ತು, ಹೊರಗೆ ಬಂದರೆ ಬಾಯಿ ಕಟ್ಟುತ್ತಿತ್ತು.

ಮದರಾಸಿನ ಬ್ರಿಟಿಷ್ ಕೌನ್ಸಿಲ್‌ನಲ್ಲಿದ್ದ ಎನ್.ಎಸ್. ಪ್ರಭು ಅವರಿಗೆ ಬೇರೊಂದು ದಾರಿ ತೋಚಿತು. ಮಕ್ಕಳ ಮನಸ್ಸು ವ್ಯಾಕರಣದ ಬದಲು ಅರ್ಥದ ಮೇಲೆ ನೆಟ್ಟಿದ್ದಾಗಲೇ ವ್ಯಾಕರಣ ಒಳಗೊಳಗೇ ಮೈಗೂಡುತ್ತದೆ ಎಂಬುದು ಅವರ ನಂಬಿಕೆ. ಬೆಂಗಳೂರಿನ ಸಂಸ್ಥೆಯ ಜತೆಗೂಡಿ 1979ರಿಂದ 1984ರವರೆಗೆ ಬೆಂಗಳೂರು, ಮದರಾಸು ಮುಂತಾದ ಕಡೆಯ ಸಾಮಾನ್ಯ ಶಾಲೆಗಳಲ್ಲಿ ಅದನ್ನು ಪರೀಕ್ಷೆಗೆ ಹಚ್ಚಿದರು. ಇಂಗ್ಲಿಷ್ ಮಾಧ್ಯಮದ ಮಕ್ಕಳಲ್ಲ, ತಮ್ಮ ಭಾಷೆಯಲ್ಲೇ ಓದುತ್ತಿದ್ದ ಮಕ್ಕಳು.

ಪಾಠ ಎಂದರೆ ಅಲ್ಲಿ ಒಂದು ಲೆಕ್ಕದಂಥ ಸಮಸ್ಯೆ. ರೈಲಿನ ವೇಳಾಪಟ್ಟಿ ಕೊಟ್ಟು, ಮಧ್ಯಾಹ್ನದೊಳಗೆ ತಲುಪಬೇಕಾದರೆ ಯಾವ ಗಾಡಿ ಹತ್ತಬೇಕು ಎಂದು ಕೇಳುವುದು. ನಕ್ಷೆ ಕೊಟ್ಟು ದಾರಿ ಹುಡುಕಿಸುವುದು. ಮೊದಲು ಮೇಷ್ಟ್ರು ಅಂಥದೇ ಒಂದನ್ನು ತರಗತಿಯ ಎದುರಿಗೆ ಮಾತನಾಡುತ್ತಾ ಬಿಡಿಸುತ್ತಿದ್ದರು, ಆಮೇಲೆ ಮಕ್ಕಳು ತಾವೇ ಇನ್ನೊಂದನ್ನು ಬಿಡಿಸಬೇಕಿತ್ತು. ಒಂದೆರಡು ಪದಗಳಲ್ಲಿ ಉತ್ತರಿಸಿದರೂ ನಡೆಯುತ್ತಿತ್ತು. ಅಂಕ ಉತ್ತರಕ್ಕೆ ಹೊರತು ವ್ಯಾಕರಣಕ್ಕಲ್ಲ. ಮಗು ತಪ್ಪಾಗಿ ಹೇಳಿದರೆ ಮೇಷ್ಟ್ರು ಪಾಠ ನಿಲ್ಲಿಸಿ ನಿಯಮ ಒಪ್ಪಿಸುತ್ತಿರಲಿಲ್ಲ. ಮನೆಯಲ್ಲಿ ಅಮ್ಮ ಮಾಡುವಂತೆ, ಅದನ್ನೇ ಸರಿಯಾಗಿ ಹೇಳಿ ಮಾತು ಮುಂದುವರಿಸುತ್ತಿದ್ದರು.

ಅಲನ್ ಬೆರೆಟ್ಟಾ ಮತ್ತು ಅಲನ್ ಡೇವಿಸ್ ನಡೆಸಿದ ಮೌಲ್ಯಮಾಪನ 1985ರಲ್ಲಿ ಪ್ರಕಟವಾಯಿತು. ವಾಕ್ಯರಚನೆಯ ಪರೀಕ್ಷೆಯಲ್ಲಿ ಹಳೆಯ ಪದ್ಧತಿಯವರು ಮುಂದಿದ್ದರು; ಕಲಿತದ್ದನ್ನು ಬಳಸಬೇಕಾದ ಪರೀಕ್ಷೆಗಳಲ್ಲಿ ಒಟ್ಟಾರೆ ಪ್ರಭು ಅವರ ಮಕ್ಕಳದು ಮೇಲುಗೈ. ಪ್ರಯೋಗಕ್ಕೆ ಸಿಕ್ಕ ಶಿಕ್ಷಕರಲ್ಲಿ ಹಲವರು ಹೆಚ್ಚಿನ ತರಬೇತಿ ಪಡೆದವರು, ಎಲ್ಲ ಶಾಲೆಗೂ ಅಂಥವರು ಸಿಗುತ್ತಾರೆಯೇ ಎಂಬ ಟೀಕೆಯೂ ಬಂತು. ಅದು ನ್ಯಾಯವಾದ ಟೀಕೆಯೇ. ಆದರೂ ಕೆಲಸದ ಮೂಲಕ ಭಾಷೆ ಕಲಿಸುವ ಪದ್ಧತಿಯ ಚರಿತ್ರೆ ಬರೆಯುವವರು ಇವತ್ತಿಗೂ ‘ಬೆಂಗಳೂರು ಪ್ರಾಜೆಕ್ಟ್’ ಹೆಸರು ಹೇಳುತ್ತಾರೆ. ನಮ್ಮೂರ ಬಸ್ ನಿಲ್ದಾಣದ ಗೋಡೆಯ ಮೇಲೆ ಮಾತ್ರ ‘30 ದಿನಗಳಲ್ಲಿ ಇಂಗ್ಲಿಷ್’ ಎಂಬ ಪೋಸ್ಟರ್ ಇದೆ.

ಪ್ರಭು ತಮ್ಮ ಪದ್ಧತಿಯೇ ಸರ್ವಶ್ರೇಷ್ಠ ಎಂದು ಸಾರಲಿಲ್ಲ. 1990ರ ಲೇಖನವೊಂದರಲ್ಲಿ, ಎಲ್ಲರಿಗೂ ಒಗ್ಗುವ ಒಂದೇ ಒಳ್ಳೆಯ ಪದ್ಧತಿ ಇಲ್ಲ ಎಂದೇ ವಾದಿಸಿದರು. ಅವರ ಪ್ರಯೋಗ ಸ್ಪೋಕನ್ ಇಂಗ್ಲಿಷ್ ಕೋರ್ಸೂ ಆಗಿರಲಿಲ್ಲ. ಆದರೆ ನನಗೆ ಅದರಿಂದ ಒಂದು ಉಪಾಯ ಸಿಕ್ಕಿತು. ಈಗ ವರದಿ ಬರೆದ ದಿನ ಸಂಜೆ, ಕನ್ನಡ ಬಾರದ ಗೆಳೆಯನಿಗೆ ಫೋನ್ ಮಾಡಿ ಆ ಸುದ್ದಿಯನ್ನು ಇಂಗ್ಲಿಷಿನಲ್ಲಿ ಹೇಳುತ್ತೇನೆ. ಈರುಳ್ಳಿ ಬೆಲೆ ಯಾಕೆ ಬಿತ್ತು ಎಂದು ಅವನಿಗೆ ಅರ್ಥವಾಗಬೇಕು, ಅಷ್ಟೇ. ‘ಈಸ್’, ‘ವಾಸ್’ ಇನ್ನೂ ತಪ್ಪುತ್ತವೆ. ಮಾತು ಮಾತ್ರ ನಿಲ್ಲುವುದಿಲ್ಲ.